ಮೊಟ್ಟೆಗೆ ಕಪ್ಪಾಗದ ಉಂಗುರ

ರಾಣೆಬೆನ್ನೂರು,
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಬೇಟಿ ಬೇನಜೀರಳಿಗೆ ನಿನ್ನ ಜಹಾಂಗೀರ ಮಾಮಾನ ಸಲಾಮ್ ಮತ್ತು ಮನಸ್ಸು ತುಂಬಿದ ದುವಾ.

ಹೇಗಿದ್ದೀ? ಆಸ್ಪತ್ರೆಯಲ್ಲಿ ನಿಂತು ನಿಂತು ಬರುತ್ತಿದ್ದ ಹಿಮ್ಮಡಿ ನೋವು ಕಡಿಮೆಯಾಯಿತೇ? ಜಮಾಯಿ ಅಸ್ಲಮ್ ಆ ಹಲ್ಲು ಕೀಳಿಸಿದನೋ, ಇನ್ನೂ ಲವಂಗ ಕಚ್ಚಿಕೊಂಡೇ ಕೂತಿದ್ದಾನೋ? ಮಿರಜಿನಲ್ಲಿ ಚಳಿ ಬಿದ್ದಿರಬೇಕು, ಕಿವಿ ಕಟ್ಟಿಕೊಂಡು ಡ್ಯೂಟಿಗೆ ಹೋಗು. ನನ್ನ ಆರೋಗ್ಯ ಕೇಳಬೇಡ, ಕಲ್ಲಿನಂತಿದೆ. ಈಗಲೂ ಕನ್ನಡಕವಿಲ್ಲದೆ ಲೇಥಿನ ಮುಂದೆ ನಿಂತರೆ ಇಡೀ ವರ್ಕ್‌ಶಾಪು ಕೆಲಸ ಬಿಟ್ಟು ನನ್ನ ಕೈ ನೋಡುತ್ತದೆ. ಅಕ್ಷರ ನೋಡು, ಕರ್ಜಗಿ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇನ್ನೂ ಮುತ್ತಿನಂತಿದೆ. ಇವನು ಮುಂದೆ ಕಲಿತರೆ ತಹಶೀಲ್ದಾರನಾಗುತ್ತಾನೆ ಎಂದು ಮಾಸ್ತರರು ಹೇಳಿದ್ದರು. ಅವರು ಹೇಳಿದರೋ, ನಾನೇ ಹೇಳಿಕೊಂಡೆನೋ, ಈಗ ಕೇಳೋಣವೆಂದರೆ ಅವರಿಲ್ಲ.

ಫೋನ್ ಇರುವಾಗ ಪತ್ರವೇಕೆ ಎನ್ನುತ್ತೀ. ಫೋನಿನಲ್ಲಿ ನೀನು "ಊಟಾ ಆತೇನ ಮಾಮಾ" ಅಂದ ಕೂಡಲೇ ನನ್ನ ಮಾತು ಅನ್ನ, ಸಾರಿನ ಕಡೆಗೇ ಹೋಗಿಬಿಡುತ್ತದೆ. ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಗಬೇಡ, ಅಸ್ಲಮ್‌ಗೆ ಓದಿ ಹೇಳಲೂ ಬೇಡ. ನಾನು ಒಂದು ಮಂಗ್ನಿಯ ಉಂಗುರ ಮಾಡಿಟ್ಟಿದ್ದೇನೆ. ಮಂಗ್ನಿ ಬೇರೆ ಯಾರದ್ದೂ ಅಲ್ಲ, ಈ ವಯಸ್ಸಿನಲ್ಲಿ ಮತ್ತೆ ಮದುವೆಗೆ ಹೊರಟ ನಿನ್ನ ಮಾಮಾನದು.

ನಿನ್ನ ಮಾಮಿ ಸಕೀನಾಬಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಸಪ್ಪಳವೇ ಇಲ್ಲ. ಸಂಜೆ ಬೀಗ ತೆಗೆದು ಒಳಗೆ ಕಾಲಿಡುವ ಮೊದಲು ನಾನು ಕೆಮ್ಮುತ್ತೇನೆ. ಒಳಗೆ ಹೆಣ್ಣುಮಕ್ಕಳಿದ್ದಾರೆ, ತಿಳಿಯಲಿ ಎನ್ನುವ ಹಳೆಯ ರೂಢಿ. ಆ ಕೆಮ್ಮು ಗೋಡೆಗೆ ಬಡಿದು ನನಗೇ ವಾಪಸು ಬರುತ್ತದೆ. ನಿನ್ನ ಮಾಮಿಯ ನಲವತ್ತನೆಯ ದಿನದ ಫಾತಿಹಾ ಮುಗಿಸಿ ಹೋದವಳು ನೀನು ಮತ್ತೆ ಈ ಹೊಸ್ತಿಲು ತುಳಿದಿಲ್ಲ. "ಅಡಿಗಿಮನ್ಯಾಗ ಆಕೀ ಸೆರಗು ಕಂಡಂಗಾಗ್ತದ ಮಾಮಾ" ಎಂದಿದ್ದೆ. ನಿನ್ನನ್ನು ಹೆತ್ತವಳು ಹೋದ ಮೇಲೆ ನಿನಗೆ ತುತ್ತಿಟ್ಟು ಬೆಳೆಸಿದವಳು ಅವಳೇ ಅಲ್ಲವೇ, ನಾನು ಬೇಜಾರು ಮಾಡಿಕೊಂಡಿಲ್ಲ. ಆದರೆ ನಾನು ದಿನಾ ಅದೇ ಅಡಿಗೆಮನೆಯಲ್ಲಿ ಒಬ್ಬನಿಗೆ ಅನ್ನಕ್ಕಿಡಬೇಕು. ಅದು ಬೇಸರವಾಗಿ ಬಸ್‌ಸ್ಟ್ಯಾಂಡ್ ಹತ್ತಿರದ ಎಗ್‌ರೈಸ್ ಗಾಡಿಗೆ ಹೋಗತೊಡಗಿದೆ.

ಗಾಡಿ ಶರೀಫಾಬಿಯದು. ಮೋಟೆಬೆನ್ನೂರಿನವಳು, ಗಂಡ ತೀರಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮೊದಲ ದಿನ "ಖಾರ ಎಷ್ಟ ಹಾಕ್ಲಿರಿ?" ಎಂದಳು. ಬೇಟೀ, ಎಷ್ಟೋ ತಿಂಗಳಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಸುಮ್ಮನೆ ಉತ್ತರ ಕೊಡಬೇಕಿತ್ತು. ನಾನೋ, "ಹಾಕ್ರಿ ಎಷ್ಟರ ಹಾಕ್ರಿ, ನಾನು ಬ್ಯಾಡಗಿ ಪ್ಯಾಟಿಯೊಳಗ ಮೆಣಸಿನಕಾಯಿ ಚೀಲದ ಮ್ಯಾಲ ಮಲಗಿ ಬೆಳದಾವ" ಎಂದೆ. ಆಕೆ ಬೇರೆ ಯಾವುದೋ ಕಾಯಿಯ ಪುಡಿ ಹಾಕಿದಳು. ನನ್ನ ಕಣ್ಣು ಮೂಗು ಒಂದಾದವು. ನೀರಿನ ಗ್ಲಾಸು ಮುಂದಿಟ್ಟು, "ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ ಐತ್ರಿ ಮಿಸ್ತ್ರಿ, ಖಾರ ಇಲ್ಲ. ನಿಮ್ಮಂಗ" ಎಂದಳು. ಮರುದಿನವೂ ಹೋದೆ.

ಹೀಗೆ ದಿನಾ ಹೋಗುತ್ತ ಹೋಗುತ್ತ ಮಾತು ಮಂಗ್ನಿಯವರೆಗೆ ಬಂದಾಗ ಹಾವೇರಿಯ ಒಂದು ದೊಡ್ಡ ಅಂಗಡಿಗೆ ಹೋಗಿ, ಎದೆಯುಬ್ಬಿಸಿ, ಇದ್ದುದರಲ್ಲಿ ಶ್ರೇಷ್ಠವಾದದ್ದು ತೋರಿಸು ಎಂದೆ. ಹುಡುಗಿ ಪ್ಲಾಟಿನಂ ತೋರಿಸಿದಳು. ಇಂಥದ್ದು ನನ್ನ ಲೇಥಿನ ಕೆಳಗೆ ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ಕಸಬರಿಗೆಯಿಂದ ಗುಡಿಸುತ್ತೇವೆ ಎಂದೆ. ಬಂಗಾರ ತೋರಿಸಿದಳು, ಚೆಂದವಿತ್ತು. ಆಮೇಲೆ ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಮೊಮ್ಮಗಳಿಗೇನ್ರಿ ಅಜ್ಜಾರ?" ಎಂದು ಕೇಳಿದಳು. ಹೌದವ್ವಾ ಎಂದು ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಬಂಗಾರದ ಸುದ್ದಿ ಎತ್ತಿದರೆ ಶರೀಫಾಬಿಯೂ ಒಲ್ಲೆ ಎಂದಳು. "ಬಂಗಾರ ಹಾಕ್ಕೊಂಡು ಆಮ್ಲೆಟ್ ಹೊಯ್ದರ ಗಿರಾಕಿ ಕೈಬೆರಳ ನೋಡತಾವ. ಇಷ್ಟ ಇದ್ದಾಕಿ ಉಳ್ಳಾಗಡ್ಡಿ ಯಾಕ ಕಡಿಮಿ ಹಾಕೀದಿ ಅಂತಾವ." ಬೆಳ್ಳಿ ಎಂದೆ. "ಮೊಟ್ಟಿ ಹತ್ತಿ ಬೆಳ್ಳಿ ಕರ್ರಗಾಗ್ತದರಿ. ಮೊದಲಿನ ಉಂಗರಾ ದಿನಾ ತಿಕ್ಕಿ ತಿಕ್ಕಿ ಸಾಕಾಗಿತ್ತು. ಇನ್ನೊಂದು ತಿಕ್ಕೂ ಶಕ್ತಿ ಇಲ್ಲ ನನಗ." ತಾಮ್ರವೆಂದರೆ ಬೆರಳು ಹಸಿರಾಗುತ್ತದಂತೆ. ಮತ್ತೆ ಯಾತರದ್ದು ಬೇಕು ಎಂದು ರೇಗಿದೆ. ಆಕೆ ಆಮ್ಲೆಟ್ ಮಗುಚುವ ಸ್ಟೀಲಿನ ಪಟ್ಟಿಯನ್ನು ಕಾವಲಿಯ ಅಂಚಿಗೆ ಟಣ್ಣೆಂದು ಬಡಿದು, "ಇದರದ್ದು. ಇದನ್ನ ತಂದಾಗ ಹೆಂಗಿತ್ತು, ಈಗೂ ಹಂಗ ಐತಿ" ಎಂದಳು.

ಸ್ಟೀಲು ಎಂದ ಮೇಲೆ ಕೇಳಬೇಕೇ! ನನ್ನ ಇಡೀ ಆಯುಷ್ಯವೇ ಅದರ ಜೊತೆ ಕಳೆದಿದೆ. ಆದರೆ ಬೆರಳಿನ ಅಳತೆ ಬೇಕಲ್ಲ, ಕೈ ಹಿಡಿಯುವ ಹಕ್ಕು ನನಗೆ ಇನ್ನೂ ಬಂದಿಲ್ಲ. ಒಂದು ಉಪಾಯ ಹೊಳೆಯಿತು. ಬೇರೆ ಬೇರೆ ಅಳತೆಯ ವಾಷರ್‌ಗಳನ್ನು ಕಿಸೆಯಲ್ಲಿ ತುಂಬಿಕೊಂಡು ಹೋಗಿ, ಯಾವುದು ಹಿಡಿಸುತ್ತದೆ ನೋಡಿ ಎಂದು ಗಾಡಿಯ ಮೇಲೆ ಹರವಿದೆ. ಆಕೆ ಒಂದನ್ನು ತೊಟ್ಟಳು. ಅದು ಸಿಕ್ಕಿಕೊಂಡಿತು. ಎಳೆದರೆ ಬಾರದು, ತಿರುವಿದರೆ ಬಾರದು, ಇತ್ತ ಕಾವಲಿಯ ಮೇಲೆ ಮೊಟ್ಟೆ ಸೀಯುತ್ತಿದೆ. ತಿನ್ನುತ್ತ ನಿಂತಿದ್ದ ಬಸ್ ಡ್ರೈವರ್ ಬುಡನಸಾಬ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ, "ಮಿಸ್ತ್ರಿ ಕಾಕಾ, ಮಂಗ್ನಿ ಆತ ಬಿಡ್ರಿ! ಬಿರ್ಯಾನಿ ಯಾವಾಗ?" ಎಂದು ಕೂಗಿದ. ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ನಾಚಿದಳು. ಎಣ್ಣೆ ಹಚ್ಚಿ ಮೆಲ್ಲಗೆ ವಾಷರ್ ತೆಗೆದು ನನ್ನ ಅಂಗೈಗಿಟ್ಟು, ಒಂದು ಮಾತು ಹೇಳಿದಳು.

ಅದಿರಲಿ. ಉಂಗುರ ನಾನೇ ಲೇಥಿಗೆ ಹಾಕಿ ತಿರುಗಿಸಿದೆ. ಮೊದಲನೆಯದು ಬೇರಿಂಗಿನಂತೆ ದಪ್ಪಗಾಯಿತು, ಎರಡನೆಯದು ವಾರೆಯಾಯಿತು (ಇದನ್ನು ಯಾರಿಗೂ ಹೇಳಬೇಡ), ಆಮೇಲಿನದು ಮಾತ್ರ, ಬೇಟೀ, ಹಾವೇರಿ ಜಿಲ್ಲೆಯಲ್ಲೇ ಅಂಥದ್ದಿಲ್ಲ. ಪಾಲಿಶ್ ಮಾಡಿ ಹಿಡಿದರೆ ನನ್ನ ಮೀಸೆ ಕಾಣುತ್ತದೆ. ಈಗ ಅದು ನಿನ್ನ ಮಾಮಿಯ ಸುರ್ಮಾದ ಡಬ್ಬಿಯ ಪಕ್ಕದಲ್ಲಿದೆ. ಆ ಡಬ್ಬಿಯನ್ನು ನಾನು ಸರಿಸಿಲ್ಲ, ಸರಿಸುವುದೂ ಇಲ್ಲ. ಶರೀಫಾಬಿಗೂ ಹಾಗೆಂದೇ ಹೇಳಿದ್ದೇನೆ.

ಅಸ್ಲಮ್‌ಗೆ ಸಲಾಮ್ ತಿಳಿಸು, ಹಲ್ಲು ಕೀಳಿಸಲು ಹೇಳು. ಅಲ್ಲಾಹ್ ನಿನ್ನ ಕೈಗೆ ಬರುವ ರೋಗಿಗಳನ್ನೆಲ್ಲ ಗುಣ ಮಾಡಲಿ, ನಿನ್ನ ಹಿಮ್ಮಡಿಯನ್ನೂ.

ನಿನ್ನ ಮಾಮಾ,
ಜಹಾಂಗೀರ ಮಿಸ್ತ್ರಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಖರೇ ಹೇಳಿಬಿಡುತ್ತೇನೆ. ಶರೀಫಾಬಿ ಇನ್ನೂ ಪೂರ್ತಿ ಒಪ್ಪಿಲ್ಲ. ಅಂದು ಹೇಳಿದ ಮಾತು ಇದು: "ಉಂಗರಾ ನೀವು ತೊಡಸೂದಲ್ರಿ, ನಿಮ್ಮ ಮನಿ ಹೆಣ್ಣಮಗಳು ಬಂದು ತೊಡಸಬೇಕು. ಆಕಿ ಒಲ್ಲೆ ಅಂದ್ರ ನಾನೂ ಒಲ್ಲೆ. ಆಕೀ ಮಾಮಿ ಬಾಳಿದ ಮನಿಯೊಳಗ ಕಳ್ಳರಂಗ ಬರಾಕಿ ಅಲ್ಲ ನಾನು." ನಮ್ಮ ಮನೆಯ ಹೆಣ್ಣುಮಗಳೆಂದರೆ ಈಗ ನೀನೊಬ್ಬಳೇ. ಒಲ್ಲೆ ಎನಿಸಿದರೆ ಒಲ್ಲೆ ಎಂದೇ ಬರೆ, ನಾನು ಸಿಟ್ಟಾಗುವುದಿಲ್ಲ. ಯೋಚನೆ ಮಾಡಬೇಕೆಂದರೆ ಮಾಡು, ಉಂಗುರಕ್ಕೆ ಏನೂ ಆಗುವುದಿಲ್ಲ, ಸ್ಟೀಲಿನದು. ಆದರೆ ಮೇಲೆ ನನ್ನ ಆರೋಗ್ಯ ಕಲ್ಲಿನಂತಿದೆ ಎಂದು ಬರೆದೆನಲ್ಲ, ಅದನ್ನು ಅರ್ಧ ಮಾತ್ರ ನಂಬು. ಶುಕ್ರವಾರ ಆಕೆ ಗಾಡಿ ಹಚ್ಚುವುದಿಲ್ಲ. ಶುಕ್ರವಾರ ಬಾ.