ಕಾಲುಚೀಲದ ಬೊಂಬೆ ಮತ್ತು ಭಾವನ ವಿಡಿಯೊ

ಜೂನ್ ೮, ಭಾನುವಾರ

ಅಕ್ಕನ ಗಂಡನ ಜೊತೆ ಒಂದು ಸಂಜೆ ಕಳೆದರೆ ನನಗೆ ವಾರವಿಡೀ ತಲೆ ಸಿಡಿಯುತ್ತದೆ. ಖರ್ಚಿಲ್ಲದೆ ಮಕ್ಕಳನ್ನು ನಗಿಸುವುದು ಹೇಗೆಂದು ವಿಡಿಯೊ ಹಾಕಿ ಊರಿಗೆಲ್ಲ ಬುದ್ಧಿ ಹೇಳುವ ಮಹಾನುಭಾವರು ಇವತ್ತು ಚಿತ್ರೀಕರಣಕ್ಕೆ ನಮ್ಮ ಮನೆಯನ್ನೇ ಆರಿಸಿಕೊಂಡರು. ಅವರ ಸೋಫಾ ಕೊಳೆಯಾಗಬಾರದಲ್ಲ.

ಹಳೆಯ ಕಾಲುಚೀಲದಲ್ಲಿ ಬೊಂಬೆ ಮಾಡಿಸಿದರು. ನನ್ನ ಇಬ್ಬರು ಹುಡುಗರೂ ಅವರ ಮಗಳೂ ಅದನ್ನು ಹಿಡಿದು ನಗಬೇಕು.

“ಹಲ್ಲು ಕಾಣೋ ಹಾಗೆ ನಗ್ರೋ. ಇನ್ನೊಂದ್ಸಲ. ಏ, ನೀನ್ಯಾಕೆ ಹರಳೆಣ್ಣೆ ಕುಡಿದವಳ ಹಾಗೆ ನಿಂತಿದ್ದೀಯ?” ಎಂದು ಮಗಳನ್ನು ಗದರಿದರು. ಅಷ್ಟರಲ್ಲಿ ಯಾರದೋ ಕರೆ ಬಂತೆಂದು ಫೋನ್ ಹಿಡಿದು ಹೊರಗೆ ಹೋದರು.

ಎಂದೂ ಬಾಯಿ ಬಿಡದ ಆ ಹುಡುಗಿ ಹೊಟ್ಟೆ ಮುಂದೆ ಚಾಚಿ, ಬೊಂಬೆಯ ಬಾಯಾಡಿಸುತ್ತ, “ಹಲ್ಲು ಕಾಣೋ ಹಾಗೆ ನಗ್ರೋ” ಎಂದಳು. ಅದೇ ದನಿ, ಅದೇ ಗತ್ತು. ಹುಡುಗರು ನೆಲದ ಮೇಲೆ ಉರುಳಾಡಿದರು. ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಿಲ್ಲ. ಅವಳು ಹಾಗೆ ನಕ್ಕಿದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ.

ಭಾವ ಬಾಗಿಲಲ್ಲಿ ನಿಂತಿದ್ದರು. “ಇದನ್ನೆಲ್ಲ ಹೇಳಿಕೊಟ್ಟಿದ್ದು ಯಾರು?” ಎಂದು ನನ್ನತ್ತ ನೋಡಿದರು.

“ಯಾರೂ ಇಲ್ಲಪ್ಪ,” ಎಂದಳು ಹುಡುಗಿ. “ದಿನಾ ನೋಡ್ತೀನಲ್ಲ.”

ಅಕ್ಕ ಥಟ್ಟನೆ ನಗು ನುಂಗಿ, ಹೊರಡಲು ಚಪ್ಪಲಿ ಹುಡುಕತೊಡಗಿದಳು. ಭಾವನನ್ನು ಕಂಡರೆ ನನಗೆ ಅಸಹ್ಯವಾಗುವುದು ಹೊಸದಲ್ಲ. ಇವತ್ತು ಅಕ್ಕನನ್ನು ಕಂಡರೂ ಆಯಿತು. ಹುಡುಗಿಯೊಬ್ಬಳೇ ತಲೆ ತಗ್ಗಿಸದೆ ಕಾರು ಹತ್ತಿದಳು.

ಆಗಿನಿಂದ ಅಕ್ಕ ಫೋನ್ ಎತ್ತುತ್ತಿಲ್ಲ. ಬೆಳಿಗ್ಗೆ ಕೆಲಸಕ್ಕೆ ರಜ ಹಾಕಿ ನಾನೇ ಹೋಗುತ್ತೇನೆ. ಬಾಗಿಲು ತೆಗೆಯುವುದು ಭಾವನೇ ಆದರೂ ಸರಿ, ಈ ಸಲ ನಾನು ಸುಮ್ಮನೆ ವಾಪಸು ಬರುವುದಿಲ್ಲ.