ಬಾಗಿಲು ತಟ್ಟುವ ಪ್ರಶ್ನೆ

ಮೇಷ್ಟ್ರಿಗೆ ನಮಸ್ಕಾರಗಳು.

ಹೊರಗಿನಿಂದ ಬಂದವರ ಭಾಷಾ ಪರೀಕ್ಷೆಯ ಫಲಿತಾಂಶ ನಾಳೆ. ಅಂಕಗಳ ಲೆಕ್ಕ ಸರಿಯಿದೆಯೆಂದು ನಾನಿನ್ನೂ ಸಹಿ ಹಾಕಿಲ್ಲ. ಫೋನ್ ಮಾಡಿದರೆ ನಿಮ್ಮ ದನಿ ಕೇಳಿ ಹೂಂ ಅಂದುಬಿಡುತ್ತೇನೆಂದು ಬರೆಯುತ್ತಿದ್ದೇನೆ.

ಹದಿನೇಳನೆಯ ಪ್ರಶ್ನೆ ನೀವೇ ಬರೆದದ್ದು: “ಯಾರೋ ಬಾಗಿಲು ತಟ್ಟುತ್ತಾರೆ. ಏನೆನ್ನುತ್ತೀರಿ?” ಸರಿಯುತ್ತರ, “ಬನ್ನಿ, ಕೂತ್ಕೊಳ್ಳಿ.” ಉಳಿದೆಲ್ಲದರಲ್ಲಿ ಇತರರಿಗೆ ಸರಿಸಮನಾದ ಮನೆಗೆಲಸದವರು ಇದೊಂದರಲ್ಲಿ ಸಾಲಾಗಿ ತಪ್ಪಿದ್ದಾರೆ. ಪ್ರಶ್ನೆಗಳು ಸರಿಯಿವೆಯೇ ಎಂದು ಅಳೆಯುವ ಲೆಕ್ಕದ ಮಾಡೆಲ್ ಇದರಿಂದ ಹೊಂದದಿದ್ದಾಗ ನೀವು ಪ್ರಶ್ನೆಯನ್ನು ತೆಗೆಯಲಿಲ್ಲ, ಲೆಕ್ಕದಿಂದ ಅವರನ್ನು ತೆಗೆದಿರಿ. “ಈಗ ನೋಡು, ಹೇಗೆ ಕೂತಿದೆ!” ಎಂದು ಗ್ರಾಫ್ ತೋರಿಸಿದಿರಿ. ಕೂರದೆ ಏನು ಮಾಡುತ್ತೆ? ಮಾಡೆಲ್ ಕಟ್ಟುವಾಗ ಹೊರಗಿಟ್ಟವರನ್ನು ಅಂಕ ಹಾಕುವಾಗ ಮಾತ್ರ ಒಳಗೆ ಕರೆದಿದ್ದೀರಿ. ಆ ಒಂದು ಅಂಕಕ್ಕೆ ಎಷ್ಟೋ ಜನ ಫೇಲಾಗಿದ್ದಾರೆ. ಫೇಲಾದವರಿಗೆ ಇಲ್ಲಿ ಕೆಲಸವಿಲ್ಲ.

ದಯವಿಟ್ಟು ಆ ಪ್ರಶ್ನೆ ಕೈಬಿಡಿ, ಬೆಳಗಾಗುವುದರೊಳಗೆ ಲೆಕ್ಕ ಮತ್ತೆ ಮಾಡಿಕೊಡುತ್ತೇನೆ. ಇಲ್ಲವಾದರೆ ಸಹಿಗೆ ಬೇರೆಯವರನ್ನು ನೋಡಿಕೊಳ್ಳಿ.

ಇವತ್ತು ಅಮ್ಮನಿಗೆ ಅದೇ ಪ್ರಶ್ನೆ ಕೇಳಿದೆ. ನನ್ನನ್ನು ಓದಿಸಲು ಕಂಡವರ ಮನೆಯ ನೆಲ ಒರೆಸಿದವಳು. ಯೋಚಿಸಲೂ ಇಲ್ಲ: “ಒಂದ್ನಿಮಿಷ ನಿಲ್ಲಿ, ಅಮ್ಮಾವ್ರನ್ನ ಕೇಳ್ಕೊಂಡು ಬರ್ತೀನಿ” ಅಂದಳು.

ಈ ಭಾಷೆ ಬಿಟ್ಟರೆ ಅವಳಿಗೆ ಇನ್ನೊಂದು ಬಾರದು, ಮೇಷ್ಟ್ರೇ.

ಇಂದಿಗೂ ನಿಮ್ಮ ಶಿಷ್ಯೆ