ಹತ್ತೂವರೆಯ ಮುಸ್ಸಂಜೆ

ವಡಾಲ, ಮುಂಬಯಿ
೧೪ ನವೆಂಬರ್ ೨೦೨೫, ಶುಕ್ರವಾರ

ಚಿ. ಸೌ. ಧಾತ್ರಿಗೆ ನಿನ್ನ ಅತ್ತೆಯ ಆಶೀರ್ವಾದ.

ಇಲ್ಲಿ ನಾನು, ಶ್ರೀರಾಮ, ನಿನ್ನ ಟ್ಯಾಂಕಿನ ಮೀನುಗಳು ಎಲ್ಲರೂ ಕ್ಷೇಮ. ಶ್ರೀರಾಮ ಭಾನುವಾರ ನಿನ್ನನ್ನು ನೋಡಲು ಪುಣೆಗೆ ಬರುತ್ತಾನಲ್ಲ, ಚಟ್ನಿಪುಡಿಯ ಡಬ್ಬಿ ಜೊತೆ ಈ ಕಾಗದವನ್ನೂ ಕೊಡುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಟ್ರೇನಿಂಗಿನವರು ಕರೆದುಬಿಡುತ್ತಾರೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನೀನು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುವವಳು. ನಿಧಾನವಾಗಲಿ, ನೀನೇ ಓದು. ಗಂಡನ ಕೈಲಿ ಓದಿಸಬೇಡ.

ಅವನೇ ನಿನ್ನೆ ಊಟ ಮಾಡುತ್ತ ಬಾಯಿಬಿಟ್ಟ. ನಾಳೆ ಭಾಂಡುಪಿನಿಂದ ಗುರುಪಾದ ಎನ್ನುವವರು ಟೆಂಪೋ ತಂದು ಟ್ಯಾಂಕು, ಅದರಲ್ಲಿರುವ ಜೀವಂತ ಹವಳ, ಮೀನು ಎಲ್ಲವನ್ನೂ ಒಯ್ಯುತ್ತಾರಂತೆ. ನನಗೆ ನೀನು ಹೇಳಿದ್ದೇನು? "ಬೋರ್ ಆಯ್ತು ಅತ್ತೆ, ಬಹುತ್ ಕೆಲಸ ಅದಕ್ಕೆ" ಅಂತ. ಸುಳ್ಳುಬುರುಕಿ! ಮೈಸೂರಿನಿಂದ ಲಾರಿಯಲ್ಲಿ ಹೇರಿಸಿಕೊಂಡು ಬಂದ ನನ್ನ ತೇಗದ ಜೋಡಿಮಂಚ ಹಾಲ್‌ನ ಅರ್ಧ ಜಾಗ ನುಂಗಿದೆ. ಟ್ಯಾಂಕ್ ಹೋದರೆ ಅಲ್ಲೊಂದು ಪಾರ್ಟಿಷನ್ ಹಾಕಿಸಿ, ಈ ಮುದುಕಿಗೂ ಅವಳ ಮಂಚಕ್ಕೂ ರೂಮು ಮಾಡಿಕೊಡಬೇಕೆಂದು ನಿನ್ನ ಲೆಕ್ಕವಂತೆ. ಮದುವೆಗೂ ಮುಂಚಿನಿಂದ ಸಾಕಿಕೊಂಡು ಬಂದದ್ದನ್ನು ನನಗಾಗಿ ಕೊಟ್ಟುಬಿಡುತ್ತೀಯಾ?

ನಾನು ಬಂದ ಹೊಸದರಲ್ಲಿ ಮಾಡಿದ ಘನಕಾರ್ಯ ನೆನಪಿದೆಯಲ್ಲ. ಸಂಜೆ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ನಿನ್ನ ಟ್ಯಾಂಕಿನ ಲೈಟು ತಾನಾಗಿ ಆರುತ್ತಿತ್ತು. ಲಕ್ಷ್ಮಿ ಬರುವ ಹೊತ್ತಿನಲ್ಲಿ ಮನೆಯ ಬೆಳಕು ಆರಬಾರದು ಎಂದು ಕೇಳಿ ಬೆಳೆದವಳು ನಾನು, ಹೇಗೆ ಸುಮ್ಮನಿರಲಿ? ನೀವಿಬ್ಬರೂ ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದ ವಾರ ಹಿಂದಿನ ಸ್ವಿಚ್ಚು ಹುಡುಕಿ ಒತ್ತಿದೆ. ಒಮ್ಮೆ ಹಚ್ಚಿದ್ದನ್ನು ಆರಿಸಲು ಮನಸ್ಸು ಬಾರದೆ ಹಗಲೂ ರಾತ್ರಿ ಉರಿಸಿದೆ. ನೀವು ಬರುವಷ್ಟರಲ್ಲಿ ಹವಳಗಳು ಬಣ್ಣಗೆಟ್ಟು ಮುದುಡಿಕೊಂಡಿದ್ದವು.

ಬೈಸಿಕೊಳ್ಳಲು ಸಿದ್ಧಳಾಗಿಯೇ ಅಡುಗೆಮನೆಯಲ್ಲಿ ನಿಂತಿದ್ದೆ. ನೀನು ಬಂದು, "ಅವಕ್ಕೆ ರೆಸ್ಟ್ ಸಿಕ್ಕಿಲ್ಲ ಅತ್ತೆ, ಕತ್ತಲಾದ್ರೇನೇ ಅವು ಊಟಕ್ಕೆ ಏಳೋದು" ಎಂದೆ, ಅಷ್ಟೇ. ಮಾರನೆಯ ದಿನ ನೀನೇ ಲೈಟಿನ ಟೈಮರ್ ತಿರುಗಿಸಿ ಅವುಗಳ ಬೆಳಗನ್ನೇ ಮಧ್ಯಾಹ್ನಕ್ಕೆ ತಳ್ಳಿದೆ. ಈಗ ನನ್ನ ಮುಸ್ಸಂಜೆ ದಾಟಿ, ಸೀರಿಯಲ್ಲು ಮುಗಿದು, ನಾನು ಹಾಸಿಗೆ ಕೊಡವುವ ಹತ್ತೂವರೆಗೆ ಅವಕ್ಕೆ ಕತ್ತಲೆ. ಧಾತ್ರಿ, ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ ನನಗಾಗಿ ಗಡಿಯಾರದ ಮುಳ್ಳು ಸರಿಸಿದವರು ಯಾರೂ ಇರಲಿಲ್ಲ.

ನಿನ್ನ ಮಾವ ಹೋದ ಮೇಲೆ ನನಗೆ ರಾತ್ರಿ ಎಂದರೆ ಹೆದರಿಕೆಯಾಗುತ್ತಿತ್ತು. ಆ ಜೋಡಿಮಂಚದ ಒಂದು ಅಂಚಿನಲ್ಲಿ ಮಲಗಿ, ಅವರ ಮಗ್ಗುಲಿನ ಕಡೆ ಕೈ ಹೋಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅದನ್ನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತೋ, ಸ್ವೀಟ್ ಬಾಕ್ಸಿನ ಕೆಂಪು ಜೆಲಟಿನ್ ಕಾಗದವನ್ನು ಟಾರ್ಚಿಗೆ ಕಟ್ಟಿ ತಂದುಕೊಟ್ಟೆ. ಕೆಂಪು ಬೆಳಕು ಅವಕ್ಕೆ ಅಷ್ಟಾಗಿ ತಿಳಿಯುವುದಿಲ್ಲ, ನಿದ್ದೆ ಬಾರದಿದ್ದರೆ ನೋಡಿ ಎಂದೆ.

ನೋಡಿದೆ. ಹಗಲೆಲ್ಲ ಉಬ್ಬಿ ಕೂತಿರುವ ಆ ಹಸಿರು ಗುಂಡು ಹವಳ ಕತ್ತಲಲ್ಲಿ ಮೆಲ್ಲಗೆ ಇಳಿಯುತ್ತದೆ. ಆಮೇಲೆ ಅದರ ಮೈತುಂಬ ಶಾವಿಗೆಯ ಎಳೆಯಂಥ ಸಣ್ಣ ಕೈಗಳು ಏಳುತ್ತವೆ. ಚಿಟಿಕೆ ಆಹಾರ ಬಿಟ್ಟರೆ ಹಿಡಿದು ಬಾಯಿಗೆ ಒಯ್ಯುತ್ತವೆ. ಪಕ್ಕದಲ್ಲಿರುವ, ಅಂಗಿಯ ಗುಂಡಿಯಷ್ಟೇ ಹೂವಿನಂಥ ಹವಳಗಳು ಮಾತ್ರ ಕತ್ತಲಾಗುತ್ತಲೇ ಬಾಗಿಲು ಹಾಕಿಕೊಳ್ಳುತ್ತವೆ, ನಮ್ಮ ಶ್ರೀರಾಮನ ಜಾತಿ. ಮೊನ್ನೆ ಪಕ್ಕದ ಮನೆಯ ಇಂದ್ರಾಬಾಯಿಗೂ ತೋರಿಸಿದೆ. ವಿಜಯಪುರದ ಕಡೆಯವರಲ್ಲವೇ, "ಯವ್ವಾ, ಕಲ್ಲಿಗೆ ಬಾಯಿ ಬಂದಾವಲ್ರೀ ಅಕ್ಕಾರ!" ಎಂದು ಟಾರ್ಚನ್ನು ನನ್ನ ಕೈಯಿಂದ ಕಿತ್ತುಕೊಂಡವರು ಮನೆಗೆ ಹೋಗಲೇ ಒಲ್ಲರು.

ಈಗ ಊಟವಾದ ಮೇಲೆ ನಾನು ಕತ್ತಲಿಗಾಗಿ ಕಾಯುತ್ತೇನೆ. ಅವು ಉಣ್ಣುವುದನ್ನು ನೋಡುತ್ತ ನೋಡುತ್ತ ನಿದ್ದೆ ಬರುತ್ತದೆ. ಇದನ್ನು ಕೊಟ್ಟವಳು ನೀನು. ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ನಮ್ಮ ಕಡೆ ಇಲ್ಲ, ಆದರೂ ಹೇಳುತ್ತಿದ್ದೇನೆ. ಥ್ಯಾಂಕ್ಸ್ ಕಣೇ. ನನಗೆ ರೂಮು ಬೇಡ. ನಾಳೆ ಆ ಗುರುಪಾದನವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತೇನೆ. ಕೋಪ ಮಾಡಿಕೊಂಡರೆ ಮಾಡಿಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಹವಳಗಳ ರಾತ್ರಿಪಾಳಿಯವಳು,
ವನಮಾಲಾ

ತಾ.ಕ.: ಶನಿವಾರ ಮಧ್ಯಾಹ್ನ ಬರೆಯುತ್ತಿದ್ದೇನೆ. ಗುರುಪಾದ ಬಂದಿದ್ದರು. ಪಾಪ, ಒಳ್ಳೆಯ ಮನುಷ್ಯ. "ಟ್ರಾಫಿಕ್‌ನ್ಯಾಗ ಇಷ್ಟ್ ದೂರ ಟೆಂಪೋ ತಂದೀನ್ರೀ ಅಮ್ಮಾರ, ಖಾಲಿ ಹೆಂಗ ಒಯ್ಯಲಿ?" ಎಂದು ಮುಖ ಸಪ್ಪಗೆ ಮಾಡಿದರು. ಮಾತಿಗೆ ಮಾತು ಬಂದು, ಬರುವ ತಿಂಗಳು ಮಗಳ ಮದುವೆ ಎಂದರು. ಶ್ರೀರಾಮ ಬೇಡಮ್ಮ, ಅಪ್ಪನದು ಎಂದ. ನಾನು ಕೇಳಲಿಲ್ಲ. ಜೋಡಿಮಂಚವನ್ನು ಟೆಂಪೋಗೆ ಹಾಕಿಸಿ ಕಳಿಸಿದೆ. ನನಗೊಂದು ಮಡಿಚುವ ಮಂಚ ಸಾಕು. ಟ್ಯಾಂಕಿನ ಮುಂದೆ ಈಗ ಇಬ್ಬರು ಕೂರುವಷ್ಟು ಜಾಗವಾಗಿದೆ, ಬೇಗ ಬಾ.